ಇಳಿಯುವ ಊರು, ಸೇರುವ ಮನೆ



ಪಿರಿಯಾಪಟ್ಟಣ ತಾಲ್ಲೂಕಿನ ಹಿರಿಯ ಭಕ್ತರೊಬ್ಬರು ಕಳೆದ ತಿಂಗಳು ನಮಗೊಂದು ಪತ್ರ ಬರೆದಿದ್ದರು. ಅವರ ಧರ್ಮಪತ್ನಿ ಲಿಂಗೈಕ್ಯರಾಗಿ ವರ್ಷ ತುಂಬುತ್ತಿದೆ. ಪುಣ್ಯಸ್ಮರಣೆಗೆಂದು ಅಮೆರಿಕದಲ್ಲಿರುವ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಬರುವವರಿದ್ದಾರೆ. ಚೆನ್ನೈಗೆ ಬಂದಿಳಿದರೆ ವಿಮಾನದ ದರ ಕಡಿಮೆ, ಅಲ್ಲಿಂದ ಮೈಸೂರಿಗೆ ನೇರ ರೈಲೂ ಉಂಟು ಎಂಬುದು ಮಗನ ವಾದ. ಬೆಂಗಳೂರಿಗೇ ಬರೋಣ ಎಂಬುದು ಸೊಸೆಯ ಮಾತು. "ಅಯ್ಯನವರೇ, ಇಬ್ಬರೂ ನನ್ನನ್ನೇ ಕೇಳುತ್ತಾರೆ. ನಾನು ಮೈಸೂರು ದಾಟಿ ಹೆಚ್ಚು ಹೋದವನಲ್ಲ. ತಾವೇ ಒಂದು ಮಾತು ಅಪ್ಪಣೆ ಕೊಡಿಸಬೇಕು" ಎಂದು ಬರೆದಿದ್ದಾರೆ.

ಮಠದಲ್ಲಿ ವ್ಯಾಕರಣ, ವಚನ ಓದಿಕೊಂಡು ಬೆಳೆದ ನಮ್ಮನ್ನು ವಿಮಾನದ ವಿಷಯ ಕೇಳುತ್ತಾರಲ್ಲಾ ಎಂದು ಮೊದಲು ನಗು ಬಂದಿತು. ಮರುಗಳಿಗೆಯಲ್ಲಿಯೇ ಹಳೆಯ ಘಟನೆಯೊಂದು ನೆನಪಾಗಿ ನಗು ಇಂಗಿಹೋಯಿತು.

ಕೆಲವು ವರ್ಷಗಳ ಹಿಂದಿನ ಮಾತು. ಹುಣಸೂರು ತಾಲ್ಲೂಕಿನ ಒಂದು ಗ್ರಾಮದಲ್ಲಿ ವೃದ್ಧ ತಾಯಿಯೊಬ್ಬರಿಗೆ ದೇಹಾಲಸ್ಯ ಹೆಚ್ಚಿತು. ಹೊರದೇಶದಲ್ಲಿದ್ದ ಮಗ ಸುದ್ದಿ ತಿಳಿದು ಹೊರಟ. ಅಗ್ಗದ ಚೀಟಿ ದೊರೆತ ದೂರದ ನಗರವೊಂದರಲ್ಲಿ ಇಳಿದು, ಮೂರು ಗಂಟೆಯ ಅಂತರದಲ್ಲಿ ಮೈಸೂರಿನ ರೈಲು ಹಿಡಿಯುವುದೆಂದು ಗೊತ್ತುಮಾಡಿಕೊಂಡಿದ್ದ. ವಿಮಾನ ಎರಡು ಗಂಟೆ ತಡವಾಯಿತು. ರಹದಾರಿ ತೋರಿಸುವ ಸಾಲು, ಪೆಟ್ಟಿಗೆಗಾಗಿ ಕಾಯುವ ಸಾಲು, ಆಮೇಲೆ ನಗರದ ರಸ್ತೆ. ಅವನು ನಿಲ್ದಾಣ ಮುಟ್ಟಿದಾಗ ರೈಲು ಹೊರಟುಹೋಗಿತ್ತು. ಮುಂದಿನ ಗಾಡಿಯಲ್ಲಿ ಸ್ಥಳವಿರಲಿಲ್ಲ. ಹಿಡಿಯಬೇಕಾಗಿದ್ದ ರೈಲು ಮಧ್ಯಾಹ್ನಕ್ಕೆ ಮೈಸೂರು ಸೇರುವುದಾಗಿತ್ತು. ಆ ತಾಯಿ ಸಂಜೆ ನಾಲ್ಕರವರೆಗೂ ಎಚ್ಚರವಾಗಿದ್ದು, ಬಾಗಿಲ ಕಡೆಗೇ ನೋಡುತ್ತಿದ್ದರು. ಮಗ ಮನೆಯ ಹೊಸಿಲು ತುಳಿದದ್ದು ನಡುರಾತ್ರಿಯಲ್ಲಿ. ಸಮಾಧಿಕ್ರಿಯೆಗೆ ಅವನು ಸಿಕ್ಕಿದ. ತಾಯಿಯ ಕೊನೆಯ ಮಾತಿಗೆ ಸಿಕ್ಕಲಿಲ್ಲ. ಮರುದಿನ ನಮ್ಮ ಬಳಿ ಬಂದು ಕುಳಿತು, "ಉಳಿಸಿದ್ದು ಹದಿನೆಂಟು ಸಾವಿರ ರೂಪಾಯಿ, ಅಯ್ಯನವರೇ" ಎಂದನು. ಮತ್ತೇನನ್ನೂ ಹೇಳಲಿಲ್ಲ. ನಮಗೂ ಹೇಳಲು ಮಾತು ತೋಚಲಿಲ್ಲ.

ಆದ್ದರಿಂದ ಇದು ಬರಿಯ ಪ್ರಯಾಣದ ವಿಷಯವಲ್ಲ, ಸಂಸಾರದ ವಿಷಯ. ಹೊರನಾಡಿನಲ್ಲಿ ಮಕ್ಕಳಿರುವ ಮನೆಗಳು ನಮ್ಮ ಕಡೆ ಈಗ ವಿರಳವಲ್ಲ. ಬಲ್ಲವರನ್ನು ವಿಚಾರಿಸಿ, ನಾವೂ ಓಡಾಡಿ ತಿಳಿದುಕೊಂಡಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ನಮ್ಮ ನೆಲವನ್ನು ನೋಡಿಕೊಳ್ಳಬೇಕು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಪಟ್ಟಣಗಳಿಗೆ ರೈಲು ಇಲ್ಲ. ಕೃಷ್ಣರಾಜನಗರಕ್ಕೆ ಮಾತ್ರ ಮೈಸೂರು–ಹಾಸನ–ಅರಸೀಕೆರೆ ಮಾರ್ಗದ ಭಾಗ್ಯ ಒದಗಿದೆ. ಉಳಿದವರಿಗೆ ರೈಲಿನ ಕೊನೆ ಮೈಸೂರು. ಅಲ್ಲಿಂದ ಹುಣಸೂರಿಗೆ ಸುಮಾರು 45 ಕಿಲೋಮೀಟರು, ಕೋಟೆಗೆ 50ರ ಆಸುಪಾಸು, ಪಿರಿಯಾಪಟ್ಟಣಕ್ಕೆ ಸುಮಾರು 70. ಪಟ್ಟಣದಿಂದ ಹಳ್ಳಿಗೆ ಮತ್ತಷ್ಟು. ವಿಮಾನ, ವಿಮಾನ ನಿಲ್ದಾಣದಿಂದ ರೈಲು ನಿಲ್ದಾಣ, ರೈಲು, ರೈಲಿನಿಂದ ಮನೆ: ಹೀಗೆ ನಮ್ಮವರ ಪ್ರಯಾಣಕ್ಕೆ ನಾಲ್ಕು ಕೊಂಡಿಗಳು. ಚೀಟಿ ಕೊಳ್ಳುವವರು ಮೊದಲನೆಯ ಕೊಂಡಿಯ ಬೆಲೆಯನ್ನು ಮಾತ್ರ ನೋಡುತ್ತಾರೆ. ಸರಪಳಿ ತುಂಡಾಗುವುದು ಸಾಮಾನ್ಯವಾಗಿ ಎರಡನೆಯದರಲ್ಲಿ.

ಬೆಂಗಳೂರಿನ ಸಂಗತಿಯನ್ನು ನೋಡೋಣ. 2008ರ ಮೇ ತಿಂಗಳವರೆಗೆ ಪ್ರಯಾಣಿಕರ ವಿಮಾನಗಳು ಊರೊಳಗಿನ ಎಚ್.ಎ.ಎಲ್. ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಈಗ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ಮೆಜೆಸ್ಟಿಕ್ಕಿನ ರೈಲು ನಿಲ್ದಾಣಕ್ಕೆ ಸುಮಾರು 35 ಕಿಲೋಮೀಟರು. ವಾಹನಸಂದಣಿಯ ಹೊತ್ತಿನಲ್ಲಿ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ವಿಮಾನ ನಿಲ್ದಾಣದ ಸಮೀಪದಲ್ಲಿಯೇ 2021ರ ಜನವರಿಯಲ್ಲಿ ಒಂದು ರೈಲು ನಿಲುಗಡೆ ತೆರೆದರು. ಆದರೆ ಅಲ್ಲಿ ನಿಲ್ಲುವ ಗಾಡಿಗಳು ಕೆಲವೇ, ಅದನ್ನೇ ನಂಬಿ ಹೊರಡಲಾಗದು. ಇಷ್ಟು ತೊಡಕಿದ್ದರೂ ಬೆಂಗಳೂರಿಗೊಂದು ದೊಡ್ಡ ಗುಣವಿದೆ. ಅಲ್ಲಿಂದ ಮೈಸೂರಿಗೆ ಸುಮಾರು 138 ಕಿಲೋಮೀಟರಿನ ದಾರಿ. ದಿನವಿಡೀ ಹಲವು ರೈಲುಗಳು ಓಡುತ್ತವೆ. ಒಂದು ತಪ್ಪಿದರೆ ಮತ್ತೊಂದು. ರೈಲೇ ಬೇಡವೆಂದರೆ ಸಾರಿಗೆ ನಿಗಮದ ಫ್ಲೈ ಬಸ್ಸು ವಿಮಾನ ನಿಲ್ದಾಣದಿಂದ ನೇರವಾಗಿ ಮೈಸೂರಿಗೆ ಬರುತ್ತದೆ.

ಚೆನ್ನೈಯದು ಬೇರೆ ಬಗೆ. ಅಲ್ಲಿ ಎರಡನೆಯ ಕೊಂಡಿ ಬೆಂಗಳೂರಿಗಿಂತ ಗಟ್ಟಿ. 2019ರಿಂದ ವಿಮಾನ ನಿಲ್ದಾಣದಿಂದ ಸೆಂಟ್ರಲ್ ರೈಲು ನಿಲ್ದಾಣಕ್ಕೆ ಮೆಟ್ರೋ ಗಾಡಿ ನೇರವಾಗಿ ಹೋಗುತ್ತದೆ. ರಸ್ತೆಯ ಸಂದಣಿ ಅದಕ್ಕೆ ತಾಗದು. ಸೆಂಟ್ರಲ್ಲಿನಿಂದ ಮೈಸೂರಿಗೆ ರಾತ್ರಿ ಹೊರಟು ಬೆಳಗ್ಗೆ ಸೇರುವ ಕಾವೇರಿ ಎಕ್ಸ್‌ಪ್ರೆಸ್, ಹಗಲಿನ ಶತಾಬ್ದಿ, 2022ರ ನವೆಂಬರ್ 11ರಂದು ಚಾಲನೆಗೊಂಡ ವಂದೇ ಭಾರತ್ ಇವೆ. ವಂದೇ ಭಾರತ್ ಸುಮಾರು ಆರೂವರೆ ಗಂಟೆಯಲ್ಲಿ ತಲುಪಿಸುತ್ತದೆ. ಬೆಂಗಳೂರು ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ ಉದ್ಘಾಟನೆಯಾದದ್ದೂ ಅದೇ ದಿನ. ಎರಡು ದಾರಿಗಳೂ ಒಂದೇ ದಿನ ಹಿಗ್ಗಿದವು ಎನ್ನಬಹುದು. ಆದರೆ ಚೆನ್ನೈಯಲ್ಲಿ ಒಂದು ಗಾಡಿ ತಪ್ಪಿದರೆ ಮುಂದಿನದಕ್ಕೆ ಬಹುಕಾಲ ಕಾಯಬೇಕು, ಸ್ಥಳ ಮೊದಲೇ ಕಾಯ್ದಿರಿಸಿರಬೇಕು. ಹೊರದೇಶದ ವಿಮಾನಗಳು ಹಲವು ನಡುರಾತ್ರಿಯಲ್ಲಿ ಇಳಿಯುತ್ತವೆ. ಆ ಹೊತ್ತಿನಲ್ಲಿ ಮೆಟ್ರೋ ಓಡುವುದಿಲ್ಲ.

ಮೈಸೂರಿನಲ್ಲಿಯೇ ಮಂಡಕಳ್ಳಿ ನಿಲ್ದಾಣ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. 2010ರಲ್ಲಿ ಹೊಸ ರೂಪ ಪಡೆದ ಆ ನಿಲ್ದಾಣದ ಓಡುಹಾದಿ ಚಿಕ್ಕದು. ಸಣ್ಣ ವಿಮಾನಗಳಿಗೆ ಮಾತ್ರ ತಕ್ಕದ್ದು. ಅಲ್ಲಿಯ ಸೇವೆಗಳು ಹಲವು ಬಾರಿ ಆರಂಭವಾಗಿ ನಿಂತಿವೆ. ಹೊರಡುವ ವಾರದಲ್ಲಿ ವಿಚಾರಿಸಿ ನಂಬಬೇಕು.

ನಕ್ಷೆಯಲ್ಲಿ ಹತ್ತಿರ ಕಾಣುವುದು ದಾರಿಯಲ್ಲಿ ಹತ್ತಿರವಲ್ಲ. 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರು ವಿಮಾನ ನಿಲ್ದಾಣ ವಿರಾಜಪೇಟೆಗೆ ಸಮೀಪ. ಆದರೆ ಅಲ್ಲಿಂದ ಕೊಡಗಿನ ಮೇಲೆ ಮೈಸೂರಿಗೆ ರೈಲಿಲ್ಲ. ಘಟ್ಟದ ರಸ್ತೆಯೇ ಗತಿ. ವಯನಾಡಿನ ಕಡೆಯಿಂದ ಕೋಟೆಗೆ ಬರುವವರು ಒಂದನ್ನು ಮರೆಯಬಾರದು: ಮಾನಂದವಾಡಿಯಿಂದ ಬಾವಲಿಯ ಮೇಲೆ ಬರುವ ಕಾಡಿನ ರಸ್ತೆಯನ್ನು ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಮುಚ್ಚುತ್ತಾರೆ. ಮಂಗಳೂರಿನಲ್ಲಿ ಇಳಿದರೆ ಹಾಸನದ ಮೇಲೆ ಮೈಸೂರಿಗೆ ರಾತ್ರಿಯ ರೈಲುಂಟು. ಕೃಷ್ಣರಾಜನಗರ ಆ ದಾರಿಯಲ್ಲಿಯೇ ಇದೆ. ಆದರೆ ಮಳೆಗಾಲದಲ್ಲಿ ಸಕಲೇಶಪುರದ ಘಟ್ಟವನ್ನು ನೆಚ್ಚಲಾಗದು. 2024ರ ಜುಲೈ ಕೊನೆಯಲ್ಲಿ ಮಣ್ಣು ಕುಸಿದು ಅಲ್ಲಿ ಹಲವು ದಿನ ರೈಲು ನಿಂತಿತು.

ಇವೆಲ್ಲವನ್ನೂ ನೋಡಿದ ಮೇಲೆ ನಾವು ಹೇಳುವುದಿಷ್ಟೆ. ಯಾವ ಊರಿನಲ್ಲಿ ಇಳಿಯಬೇಕೆಂಬುದನ್ನು ದರ ತೀರ್ಮಾನಿಸಬಾರದು. ಯಾವ ಕಾರ್ಯಕ್ಕೆ ಬರುತ್ತಿದ್ದೇವೆ ಎಂಬುದು ತೀರ್ಮಾನಿಸಬೇಕು. ರೋಗಿಯ ಹಾಸಿಗೆಯ ಬಳಿಗೋ, ಸಮಾಧಿಕ್ರಿಯೆಗೋ ಬರುವವರು ಗಾಡಿ ತಪ್ಪಿದರೂ ಕೂಡಲೇ ಬೇರೆ ದಾರಿ ದೊರೆಯುವ ಊರಿಗೇ ಬರಬೇಕು. ನಮ್ಮ ನಾಲ್ಕು ತಾಲ್ಲೂಕುಗಳ ಪಾಲಿಗೆ ಅದು ಬೆಂಗಳೂರು. ಮದುವೆ, ಜಾತ್ರೆ, ಪುಣ್ಯಸ್ಮರಣೆಗಳಿಗೆ ದಿನ ಮುಂಚಿತವಾಗಿ ಬರುವವರು ಚೆನ್ನೈಯಲ್ಲಿ ಇಳಿದು ನಾಲ್ಕು ಕಾಸು ಉಳಿಸಿದರೆ ತಪ್ಪೇನೂ ಇಲ್ಲ. ಮಿತವ್ಯಯ ಶರಣರಿಗೆ ಒಪ್ಪಿದ ಗುಣವೇ. ಆದರೆ ಇಳಿದ ದಿನವೇ ರೈಲು ಹಿಡಿಯುವ ಆತುರ ಬೇಡ. ವಿಮಾನದ ಚೀಟಿಗೂ ರೈಲಿನ ಚೀಟಿಗೂ ನಂಟಿಲ್ಲ; ವಿಮಾನ ತಡವಾಯಿತೆಂದು ರೈಲು ಕಾಯುವುದಿಲ್ಲ, ಹಣವನ್ನು ಹಿಂದಿರುಗಿಸುವುದೂ ಇಲ್ಲ. ಒಂದು ಹಗಲು ವಿಶ್ರಮಿಸಿ ರಾತ್ರಿಯ ಗಾಡಿ ಹತ್ತಿದರೆ ಮೈಸೂರಿಗೆ ಬೆಳಗ್ಗೆ ಬಂದು, ಹಗಲು ಬೆಳಕಿನಲ್ಲಿ ಊರು ಸೇರಬಹುದು.

ಆ ವಿರಾಮಕ್ಕೆ ಮತ್ತೊಂದು ಪ್ರಯೋಜನವೂ ಉಂಟು. ಓಟದ ಪ್ರಯಾಣದಲ್ಲಿ ಮೊದಲು ಬಿಟ್ಟುಹೋಗುವುದು ಇಷ್ಟಲಿಂಗ ಪೂಜೆ. ಸ್ನಾನಕ್ಕೆ ನೀರು, ಕೂರಲು ಶುದ್ಧವಾದ ಎಡೆ ದೊರೆತರೆ ಪೂಜೆ ಸಾಂಗವಾಗುತ್ತದೆ. ಬೆಳ್ಳಿಯ ಕರಡಿಗೆ ಧರಿಸಿದವರನ್ನು ತಪಾಸಣೆಯಲ್ಲಿ ನಿಲ್ಲಿಸಿ ಕೇಳಬಹುದು. ಕೋಪಗೊಳ್ಳದೆ, ಇದು ನಮ್ಮ ಇಷ್ಟಲಿಂಗವೆಂದು ವಿನಯದಿಂದ ತಿಳಿಸಿದರೆ ಸಾಕು. ಅದಕ್ಕೂ ಹೊತ್ತು ಬೇಕು.

ಹಿರಿಯರ ಪತ್ರಕ್ಕೆ ನಮ್ಮ ಉತ್ತರ ಹೀಗಿದೆ. ತಮ್ಮ ಮಗನ ಲೆಕ್ಕ ತಪ್ಪಲ್ಲ, ಆದರೆ ಅದು ಒಬ್ಬಂಟಿಗನ ಲೆಕ್ಕ. ಇಬ್ಬರು ಎಳೆಯ ಮಕ್ಕಳು, ಅಷ್ಟೊಂದು ಪೆಟ್ಟಿಗೆಗಳು ಜೊತೆಗಿರುವಾಗ ಸೊಸೆಯ ಮಾತೇ ಸರಿ, ಬೆಂಗಳೂರಿಗೇ ಬರಲಿ. ಪುಣ್ಯಸ್ಮರಣೆಗೆ ಎರಡು ದಿನ ಮುಂಚಿತವಾಗಿಯೇ ಬರಲಿ. ತಾವು ಮಾತ್ರ ರಾತ್ರಿ ಕಾರು ಮಾಡಿಕೊಂಡು ದೇವನಹಳ್ಳಿಯವರೆಗೆ ಎದುರುಗೊಳ್ಳಲು ಹೋಗಬೇಡಿ. ಮನೆಯ ಜಗಲಿಯ ಮೇಲೆ ಕುಳಿತು ಎದುರುಗೊಂಡರೆ ಮೊಮ್ಮಕ್ಕಳಿಗೆ ಅದೇ ದೊಡ್ಡ ಸ್ವಾಗತ.

ಎಲ್ಲರೂ ಸುಖವಾಗಿ ಬಂದು, ಇರುವವರನ್ನು ಕಂಡು ಮಾತನಾಡಿಸಿ, ಒಟ್ಟಾಗಿ ಪ್ರಸಾದ ಸ್ವೀಕರಿಸುವಂತಾಗಲಿ. ಶರಣು.