ಗೇಮ್‌ನ ಹಡಗಿಗೆ ತುಕ್ಕು ಹಿಡಿಯಲ್ಲ

ಏಜ್ ಆಫ್ ಎಂಪೈರ್ಸ್ 2 ಆಡಿದವರಿಗೆಲ್ಲ ಇದು ಗೊತ್ತು. ದಡದಲ್ಲಿ ಒಂದು ಡಾಕ್ ಕಟ್ಟಿ, ಮರ ಮತ್ತು ಚಿನ್ನ ಸಾಕಷ್ಟಿದ್ದರೆ ಒಂದು ನಿಮಿಷದೊಳಗೆ ಗ್ಯಾಲಿಯನ್ ನೀರಿಗಿಳಿಯುತ್ತೆ. ಪಾಪ್ಯುಲೇಷನ್ ಲೆಕ್ಕದಲ್ಲಿ ಅದು ಹಿಡಿಯೋದು ಒಂದೇ ಜಾಗ, ಹೊಲದಲ್ಲಿ ದುಡಿಯೋ ಒಬ್ಬ ವಿಲೇಜರ್‌ಗೆ ಎಷ್ಟೋ ಅಷ್ಟೇ. ಏಟು ತಿಂದು ತಿಂದು ಹೆಲ್ತ್ ಒಂದಕ್ಕೆ ಇಳಿದರೂ ಅದರ ವೇಗ ಕಮ್ಮಿಯಾಗಲ್ಲ, ಹೊಡೆತವೂ ಕಮ್ಮಿಯಾಗಲ್ಲ. ಸಾಯುವ ಕ್ಷಣದವರೆಗೂ ಹಡಗು ಹೊಚ್ಚ ಹೊಸದು!

ಫ್ಯಾಂಟಸಿ ಲೋಕಗಳಿಗೆ ಹೋದರೆ ಇನ್ನೂ ಆರಾಮು. 1995ರ ವಾರ್‌ಕ್ರಾಫ್ಟ್ 2ರಲ್ಲಿ ಸಮುದ್ರದಿಂದ ಎಣ್ಣೆ ತೆಗೆಯೋಕೆ ಟ್ಯಾಂಕರ್, ರಿಫೈನರಿ ಎಲ್ಲಾ ಇವೆ. ಆದರೆ ಆ ಎಣ್ಣೆ ಬೇಕಾಗೋದು ಹಡಗು ಕಟ್ಟೋಕೆ, ಓಡಿಸೋಕಲ್ಲ. ಕಟ್ಟಿದ ಮೇಲೆ ಒಂದು ಹನಿ ಇಂಧನವಿಲ್ಲದೆ ಅದು ಮ್ಯಾಪ್ ಪೂರ್ತಿ ಸುತ್ತುತ್ತೆ. ಟೋಟಲ್ ವಾರ್: ವಾರ್‌ಹ್ಯಾಮರ್‌ನಲ್ಲಿ ಹಡಗು ಕಟ್ಟುವ ತಾಪತ್ರಯವೂ ಇಲ್ಲ. ಸೈನ್ಯ ದಡದವರೆಗೆ ನಡೆದು ಬಂದರೆ ಸಾಕು, ಹಡಗು ತಾನಾಗಿಯೇ ಪ್ರತ್ಯಕ್ಷ.

ಮಾಂತ್ರಿಕರು, ಡ್ರ್ಯಾಗನ್‌ಗಳು ಇರೋ ಲೋಕದಲ್ಲಿ ಇದೊಂದು ದೊಡ್ಡ ಸುಳ್ಳಾ ಅಂತ ಕೇಳಬಹುದು. ಡ್ರ್ಯಾಗನ್ ಬಗ್ಗೆ ನನಗೆ ತಕರಾರಿಲ್ಲ, ಅದನ್ನು ಯಾರೂ ನಿಜ ಅಂತ ನಂಬಲ್ಲ. ಆದರೆ "ನೌಕಾಪಡೆ ಅಂದ್ರೆ ಹಡಗುಗಳ ಸಂಖ್ಯೆ" ಅನ್ನೋದನ್ನು ಎಲ್ಲರೂ ನಂಬ್ತಾರೆ. ಯಾವ ದೇಶದ ಹತ್ತಿರ ಎಷ್ಟು ಹಡಗಿದೆ ಅನ್ನುವ ಪಟ್ಟಿ ಹಿಡಿದು ಹಾಸ್ಟೆಲ್‌ನಲ್ಲಿ ನಾವು ಮಾಡೋ ವಾದಗಳೆಲ್ಲ ಈ ನಂಬಿಕೆಯ ಮೇಲೇ ನಿಂತಿವೆ. ಆ ಪಟ್ಟಿಯಲ್ಲಿ ಡಾಕ್ ಇರಲ್ಲ, ಕಲ್ಲಿದ್ದಲು ಇರಲ್ಲ, ವೆಲ್ಡರ್ ಇರಲ್ಲ. ನಿಜವಾದ ನೌಕಾಯುದ್ಧಗಳಲ್ಲಿ ಗೆಲುವು ಸೋಲು ಎಷ್ಟೋ ಸಲ ತೀರ್ಮಾನವಾಗಿದ್ದು ಅಲ್ಲೇ.

ರಷ್ಯ-ಜಪಾನ್ ಯುದ್ಧವನ್ನೇ ತಗೊಳ್ಳಿ. 1904ರ ಅಕ್ಟೋಬರ್‌ನಲ್ಲಿ ರಷ್ಯದ ಬಾಲ್ಟಿಕ್ ನೌಕಾಪಡೆ ಯುರೋಪ್‌ನಿಂದ ಜಪಾನ್ ಕಡೆಗೆ ಹೊರಟಿತು. ಸುಮಾರು 33,000 ಕಿಲೋಮೀಟರ್ ದಾರಿ, ಏಳು ತಿಂಗಳ ಪ್ರಯಾಣ. ದಾರಿಯಲ್ಲಿ ರಷ್ಯದ್ದು ಅಂತ ಒಂದು ಬಂದರೂ ಇಲ್ಲ. ಜರ್ಮನ್ ಕಂಪನಿಯೊಂದರ ಹಡಗುಗಳಿಂದ ಕಲ್ಲಿದ್ದಲು ತುಂಬಿಸಿಕೊಳ್ಳಬೇಕು. ಮುಂದೆ ಎಲ್ಲಿ ಸಿಗುತ್ತೋ ಇಲ್ಲವೋ ಅನ್ನೋ ಭಯಕ್ಕೆ ಡೆಕ್ ಮೇಲೆ, ಓಡಾಡುವ ಜಾಗದಲ್ಲೆಲ್ಲ ಕಲ್ಲಿದ್ದಲು ರಾಶಿ. ಬಿಸಿ ನೀರಿನ ಸಮುದ್ರದಲ್ಲಿ ತಿಂಗಳುಗಟ್ಟಲೆ ಇದ್ದದ್ದಕ್ಕೆ ಹಡಗಿನ ತಳಕ್ಕೆಲ್ಲ ಪಾಚಿ, ಚಿಪ್ಪಿನ ಜೀವಿಗಳು ಅಂಟಿಕೊಂಡವು. ತಳ ಒರಟಾದರೆ ಡ್ರ್ಯಾಗ್ ಏನಾಗುತ್ತೆ ಅಂತ ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ ಇಂಜಿನ್, ಅದೇ ಕಲ್ಲಿದ್ದಲು, ಆದರೆ ವೇಗ ಇಲ್ಲ.

ಆ ಹೊತ್ತಿಗೆ ಅಡ್ಮಿರಲ್ ಟೋಗೊ ತನ್ನ ಹಡಗುಗಳನ್ನು ಸರದಿಯಂತೆ ಜಪಾನಿನ ಡಾಕ್‌ಯಾರ್ಡ್‌ಗಳಿಗೆ ಕಳಿಸಿ ರಿಪೇರಿ ಮಾಡಿಸಿಕೊಂಡಿದ್ದ. 1905ರ ಮೇ 27ರಂದು ಸುಶಿಮಾ ಜಲಸಂಧಿಯಲ್ಲಿ ಎರಡೂ ಎದುರಾದಾಗ, ಬ್ಯಾಟಲ್‌ಶಿಪ್‌ಗಳ ಲೆಕ್ಕದಲ್ಲಿ ರಷ್ಯದ್ದು 8, ಜಪಾನಿನದ್ದು 4. ಗೇಮ್ ಆಗಿದ್ದರೆ ರಷ್ಯ ಗೆಲ್ಲಬೇಕಿತ್ತು. ಎರಡು ದಿನದಲ್ಲಿ ರಷ್ಯದ ನೌಕಾಪಡೆ ಹೆಚ್ಚುಕಮ್ಮಿ ಪೂರ್ತಿ ನಾಶವಾಯಿತು. ಜಪಾನ್ ಕಳೆದುಕೊಂಡದ್ದು ಮೂರು ಟಾರ್ಪಿಡೊ ದೋಣಿಗಳು. ಟೋಗೊನ ತಂತ್ರ, ಗುರಿ ಹಿಡಿಯುವ ತರಬೇತಿ ಎಲ್ಲವೂ ಇದಕ್ಕೆ ಕಾರಣ, ಒಪ್ಪೋಣ. ಆದರೆ ಅವನ ಹಡಗುಗಳಿಗೆ ರಷ್ಯದವಕ್ಕಿಂತ ಹೆಚ್ಚು ವೇಗ ಇತ್ತು, ಆ ವೇಗದಲ್ಲಿ ಡಾಕ್‌ಯಾರ್ಡ್ ಕೆಲಸಗಾರರ ಪಾಲೂ ಇತ್ತು.

ಇದೇ ಜಪಾನ್ 1942ರಲ್ಲಿ ಈ ಪಾಠ ಮರೆತುಬಿಟ್ಟಿತು. ಆ ವರ್ಷದ ಮೇ ತಿಂಗಳಲ್ಲಿ ಕೋರಲ್ ಸಮುದ್ರದ ಯುದ್ಧದಲ್ಲಿ ಅಮೆರಿಕದ ವಿಮಾನವಾಹಕ ನೌಕೆ ಯಾರ್ಕ್‌ಟೌನ್‌ಗೆ ಬಾಂಬ್ ಬಿದ್ದು ಒಳಗೆಲ್ಲ ಹಾಳಾಗಿತ್ತು. ಸರಿಮಾಡೋಕೆ ಮೂರು ತಿಂಗಳು ಬೇಕು ಅನ್ನೋ ಅಂದಾಜು. ಅಡ್ಮಿರಲ್ ನಿಮಿಟ್ಜ್ ಕೊಟ್ಟದ್ದು ಮೂರು ದಿನ. ಪರ್ಲ್ ಹಾರ್ಬರ್‌ನ ಡ್ರೈ ಡಾಕ್‌ನಲ್ಲಿ ಸುಮಾರು 1,400 ಜನ ಹಗಲೂ ರಾತ್ರಿ ದುಡಿದರು. ಪೂರ್ತಿ ರಿಪೇರಿ ಆಗಲಿಲ್ಲ, ಯುದ್ಧ ಮಾಡೋಕೆ ಎಷ್ಟು ಬೇಕೋ ಅಷ್ಟು ಮಾಡಿದರು. ಮೇ 30ಕ್ಕೆ ಹಡಗು ಹೊರಟಿತು, ಕೆಲವು ಕೆಲಸಗಾರರು ಇನ್ನೂ ಅದರೊಳಗೇ ಕೆಲಸ ಮಾಡ್ತಿದ್ದರು. ಯಾರ್ಕ್‌ಟೌನ್‌ನ ವಿಮಾನ ತಂಡಗಳು ಸೊರಗಿದ್ದವು. ಅವುಗಳ ಬದಲಿಗೆ ಸಾರಟೋಗ ಎಂಬ ಇನ್ನೊಂದು ಹಡಗಿನ ತಂಡಗಳನ್ನು ಹತ್ತಿಸಿದರು.

ಅದೇ ಯುದ್ಧದಿಂದ ವಾಪಸಾದ ಜಪಾನಿನ ಜುಯಿಕಾಕು ನೌಕೆಗೆ ಬಾಂಬೇ ಬಿದ್ದಿರಲಿಲ್ಲ. ಹಡಗು ಗಟ್ಟಿಮುಟ್ಟಾಗಿತ್ತು, ಆದರೆ ಅದರ ಪೈಲಟ್‌ಗಳಲ್ಲಿ ಬಹಳ ಜನ ಸತ್ತಿದ್ದರು. ಜಪಾನಿನ ಪದ್ಧತಿಯಲ್ಲಿ ವಿಮಾನ ತಂಡ ಅಂದ್ರೆ ಆಯಾ ಹಡಗಿಗೇ ಕಟ್ಟಿಬಿದ್ದದ್ದು. ಬೇರೆ ಹಡಗಿನಿಂದ ತಂದು ಜೋಡಿಸಲಿಲ್ಲ, ಜುಯಿಕಾಕು ಮನೆಯಲ್ಲೇ ಉಳೀತು. ಕೋಡ್ ಬರೆಯೋರಿಗೆ ಇದು ಥಟ್ಟನೆ ಅರ್ಥವಾಗುತ್ತೆ: ಒಂದು ಸಿಸ್ಟಮ್‌ನಲ್ಲಿ ಭಾಗಗಳನ್ನು ಬಿಡಿಸಿ ಜೋಡಿಸಬಹುದಿತ್ತು, ಇನ್ನೊಂದರಲ್ಲಿ ಆಗ್ತಿರಲಿಲ್ಲ.

ಜೂನ್ 4ರ ಮಿಡ್‌ವೇ ಯುದ್ಧದಲ್ಲಿ ಜಪಾನಿನದ್ದು ನಾಲ್ಕು ವಿಮಾನವಾಹಕ ನೌಕೆಗಳು, ಅಮೆರಿಕದ್ದು ಮೂರು. ಆ ಮೂರನೆಯದೇ ತೇಪೆ ಹಾಕಿದ ಯಾರ್ಕ್‌ಟೌನ್. ಅದರ ವಿಮಾನಗಳು ಸೋರ್ಯು ನೌಕೆಯನ್ನು ಹೊಡೆದವು. ಆಮೇಲೆ ಅದಕ್ಕೇ ಬಾಂಬ್ ಬಿದ್ದಾಗ ಸಿಬ್ಬಂದಿ ಬೆಂಕಿ ಆರಿಸಿ, ಡೆಕ್ ಮುಚ್ಚಿ, ಬಾಯ್ಲರ್ ಮತ್ತೆ ಹೊತ್ತಿಸಿಬಿಟ್ಟರು. ಎರಡನೇ ಸಲ ಬಂದ ಜಪಾನಿ ಪೈಲಟ್‌ಗಳು ಇದು ಏಟೇ ತಿನ್ನದ ಬೇರೆ ಹಡಗು ಅಂದುಕೊಂಡು ಮತ್ತೆ ಅದನ್ನೇ ಹೊಡೆದರು. ಕೊನೆಗೆ ಯಾರ್ಕ್‌ಟೌನ್ ಮುಳುಗಿತು, ನಿಜ. ಆದರೆ ಅಷ್ಟರಲ್ಲಿ ಜಪಾನಿನ ನಾಲ್ಕೂ ನೌಕೆಗಳು ಸಮುದ್ರದ ತಳ ಸೇರಿದ್ದವು. ಅದರಲ್ಲಿ ಆ 1,400 ಜನರ ಪಾಲೆಷ್ಟು ಅಂತ ಯಾವ ಸ್ಕೋರ್‌ಬೋರ್ಡೂ ತೋರಿಸಲ್ಲ.

ಇದೆಲ್ಲ ಹಳೇ ಕಥೆ ಅನ್ನೋರು ನಮ್ಮ ಕಾರವಾರದ ಕಡೆ ನೋಡಬಹುದು. ಸೀಬರ್ಡ್ ಯೋಜನೆಯಲ್ಲಿ ಕಟ್ಟಿದ ಐಎನ್‌ಎಸ್ ಕದಂಬ ನೌಕಾನೆಲೆ 2005ರಲ್ಲಿ ಶುರುವಾಯಿತು. ಅಲ್ಲೊಂದು ಶಿಪ್‌ಲಿಫ್ಟ್ ಇದೆ. ವೇದಿಕೆಯನ್ನು ನೀರಿನೊಳಗೆ ಇಳಿಸಿ, ಹಡಗನ್ನು ಅದರ ಮೇಲೆ ತಂದು ನಿಲ್ಲಿಸಿ, ವೇದಿಕೆ ಸಮೇತ ಮೇಲೆತ್ತಿ, ಹಳಿ ಮೇಲೆ ದಡಕ್ಕೆ ಸಾಗಿಸುವ ವ್ಯವಸ್ಥೆ. 10,000 ಟನ್‌ವರೆಗಿನ ಹಡಗನ್ನು ಎತ್ತಬಲ್ಲದು. ಕಾರವಾರವೇ ನೆಲೆಯಾದ ಐಎನ್‌ಎಸ್ ವಿಕ್ರಮಾದಿತ್ಯದ ತೂಕ ಸುಮಾರು 45,000 ಟನ್. ಅದನ್ನು ಎತ್ತೋಕೆ ಈ ಲಿಫ್ಟ್‌ಗೆ ಆಗಲ್ಲ, ಹಾಗಾಗಿ ಅದು ಕೊಚ್ಚಿಯ ಡ್ರೈ ಡಾಕ್‌ಗೆ ಹೋಗಬೇಕು. ನಮ್ಮ ನೌಕಾಪಡೆ ಮೂರು ವಿಮಾನವಾಹಕ ನೌಕೆ ಬೇಕು ಅಂತ ಕೇಳ್ತಾ ಬಂದಿರೋದರ ಹಿಂದೆ ಇರೋದೂ ಇದೇ ಲೆಕ್ಕ: ಒಂದು ರಿಪೇರಿಗೆ ಹೋದಾಗಲೂ ಎರಡು ಸಮುದ್ರದಲ್ಲಿ ಇರಬೇಕು. ಪಟ್ಟಿಯಲ್ಲಿ ಇರೋದು ಎರಡು ಅಂದಾಗ, ಯಾವ ದಿನ ಬೇಕಾದರೂ ಎರಡೂ ಹೊರಡುತ್ತವೆ ಅಂತ ಅರ್ಥವಲ್ಲ.

"ಗುರು, ಗೇಮ್ ಆಡೋದು ಮಜಾಕ್ಕೆ, ತುಕ್ಕು ಉಜ್ಜೋಕಲ್ಲ" ಅನ್ನೋರಿದ್ದಾರೆ. ನ್ಯಾಯವಾದ ಮಾತು. ಆದರೆ ರಿಪೇರಿ ಅಂದ್ರೆ ಬೋರ್ ಅಂತ ಯಾರು ಹೇಳಿದ್ದು? 2018ರ ಸೀ ಆಫ್ ಥೀವ್ಸ್ ನೋಡಿ. ಅಸ್ಥಿಪಂಜರಗಳು, ದೈತ್ಯ ಕ್ರಾಕನ್ ಇರೋ ಅಪ್ಪಟ ಫ್ಯಾಂಟಸಿ ಸಮುದ್ರ. ಅಲ್ಲಿ ಗುಂಡು ಬಿದ್ದರೆ ಹಡಗಿಗೆ ತೂತು ಬೀಳುತ್ತೆ, ನೀರು ನುಗ್ಗುತ್ತೆ. ಒಬ್ಬ ಹಲಗೆ ಹೊಡೀಬೇಕು, ಒಬ್ಬ ಬಕೆಟ್‌ನಲ್ಲಿ ನೀರು ಎತ್ತಿ ಹೊರಗೆ ಚೆಲ್ಲಬೇಕು, ಒಬ್ಬ ಚುಕ್ಕಾಣಿ ಹಿಡೀಬೇಕು. ಎಲ್ಲರೂ ಫಿರಂಗಿ ಹತ್ತಿರ ಓಡಿದರೆ ಹಡಗು ಮುಳುಗೋದು ಗ್ಯಾರಂಟಿ. ಅಲ್ಲಿ ಮಜಾ ಇರೋದೇ ಆ ಗಲಾಟೆಯಲ್ಲಿ. 2019ರಲ್ಲಿ ಬಂದ ಸಿವಿಲೈಸೇಷನ್ 6ರ ಗ್ಯಾದರಿಂಗ್ ಸ್ಟಾರ್ಮ್‌ನಲ್ಲೂ ಉಗಿ ಹಡಗು ಇಟ್ಟುಕೊಂಡರೆ ಪ್ರತಿ ಸರದಿಗೂ ಕಲ್ಲಿದ್ದಲು ಖರ್ಚಾಗುತ್ತೆ. ಅಷ್ಟೇ ಒಂದು ನಿಯಮ, ಆದರೆ ಗಣಿ ಎಲ್ಲಿದೆ, ಬಂದರು ಎಲ್ಲಿದೆ ಅಂತ ಯೋಚಿಸದೆ ಯುದ್ಧಕ್ಕೆ ಹೊರಡೋಕೆ ಆಗಲ್ಲ. ಆಟ ಇದರಿಂದ ಇನ್ನೂ ರುಚಿಯಾಗಿದೆ.

ಇದನ್ನು ಇಷ್ಟು ಎಳೆದು ಹೇಳೋಕೆ ಕಾರಣ ಇದೆ. ಕ್ಯಾಂಪಸ್‌ನಲ್ಲಿ ಯಾರನ್ನೇ ಕೇಳಿ, ಡಿಸೈನ್ ಅಂದ್ರೆ ಕಣ್ಣರಳುತ್ತೆ, ಮೇಂಟೆನೆನ್ಸ್ ಅಂದ್ರೆ ಮುಖ ಸಿಂಡರಿಸುತ್ತೆ. ಪ್ಲೇಸ್‌ಮೆಂಟ್‌ನಲ್ಲಿ ಮೇಂಟೆನೆನ್ಸ್ ರೋಲ್ ಸಿಕ್ಕವನಿಗೆ "ಅಯ್ಯೋ, ಹೋಗ್ಲಿ ಬಿಡು" ಅಂತ ಸಮಾಧಾನ ಹೇಳ್ತೀವಿ. ಬೇರೆಯವರು ಬರೆದ ಕೋಡ್‌ನ ಬಗ್ ಸರಿಮಾಡೋದನ್ನು ಶಿಕ್ಷೆ ಅಂದುಕೊಳ್ತೀವಿ. ಇದನ್ನೆಲ್ಲ ಗೇಮ್‌ಗಳೇ ಕಲಿಸಿದವು ಅಂತ ನಾನು ಹೇಳಲ್ಲ. ಆದರೆ ಕಟ್ಟಿದ ಮೇಲೆ ಯಾವುದೂ ಕೆಡದ ಲೋಕದಲ್ಲಿ ಅಷ್ಟೊಂದು ಗಂಟೆ ಕಳೆದವರಿಗೆ, ಕಟ್ಟೋದೇ ಇಂಜಿನಿಯರಿಂಗ್, ಉಳಿದದ್ದು ಚಾಕರಿ ಅನ್ನಿಸೋದು ಸಹಜ.

ನಮ್ಮಲ್ಲೇ ಯೂನಿಟಿ, ಗೊಡೋ ಹಿಡಿದು ಗೇಮ್ ಮಾಡ್ತಿರೋರು ಇದ್ದೀರಿ. ಮುಂದಿನ ಪ್ರಾಜೆಕ್ಟ್‌ನಲ್ಲಿ ಒಂದು ನೌಕಾಪಡೆ ಹಾಕಿ. ಡ್ರ್ಯಾಗನ್ ಇರಲಿ, ಮಂತ್ರ ಇರಲಿ. ಅದರ ಜೊತೆ ಒಂದೇ ಒಂದು ಡ್ರೈ ಡಾಕ್ ಇಡಿ, ಒಂದು ಸಲಕ್ಕೆ ಒಂದೇ ಹಡಗು ಹಿಡಿಯುವಂಥದ್ದು. ಎರಡು ಹಡಗು ಏಟು ತಿಂದು ಬಂದು ಡಾಕ್ ಬಾಗಿಲಲ್ಲಿ ನಿಂತಿವೆ, ಶತ್ರು ಮೂರು ದಿನದ ದೂರದಲ್ಲಿದ್ದಾನೆ. ಯಾವುದನ್ನು ಮೊದಲು ಒಳಗೆ ತಗೊಳ್ತೀರಿ? ಅಂಥ ಗೇಮ್ ಬಂದರೆ ಆಡೋಕೆ ನಾನು ರೆಡಿ.