ಉಣ್ಣದಿರುವುದೆಲ್ಲ ಉಪವಾಸವಲ್ಲ

ಕೆಲವು ವರ್ಷಗಳ ಹಿಂದೆ ತಪಸ್ಸುಕಾಲದಲ್ಲಿ ತಾಯಿಯೊಬ್ಬರು, ಹದಿನೈದು ವರ್ಷದ ತಮ್ಮ ಮಗಳು ದಿನವೂ ಉಪವಾಸವಿರುವಳೆಂದು ನಮ್ಮೊಡನೆ ಹೆಮ್ಮೆಯಿಂದ ಹೇಳಿಕೊಂಡರು. ನಾವೂ ಆ ಬಾಲೆಯ ಭಕ್ತಿಯನ್ನು ಮೆಚ್ಚಿ ನಾಲ್ಕು ಮಾತನಾಡಿದೆವು. ಪಾಸ್ಕ ಹಬ್ಬ ಕಳೆಯಿತು. ಆಕೆಯ ಉಪವಾಸ ಮುಗಿಯಲಿಲ್ಲ. ಜೂನ್ ತಿಂಗಳಲ್ಲಿ ಶಾಲೆಯಲ್ಲಿ ತಲೆಸುತ್ತಿ ಬಿದ್ದಾಗಲೇ ಅದು ಭಕ್ತಿಯಲ್ಲ, ಬೇನೆ ಎಂಬುದು ಮನೆಯವರಿಗೂ ನಮಗೂ ತಿಳಿದದ್ದು. ಅಂದು ನಾವಾಡಿದ ಮೆಚ್ಚುಗೆಯ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಈ ಬೇನೆ ಇಂದು ನಿನ್ನೆಯದಲ್ಲ. 1870ರ ದಶಕದಲ್ಲಿಯೇ ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್ ಇದಕ್ಕೆ 'ಅನೊರೆಕ್ಸಿಯ ನರ್ವೋಸ' ಎಂದು ಹೆಸರಿಟ್ಟರು. ದೇಹ ಕೃಶವಾಗುತ್ತ ಹೋದರೂ ದಪ್ಪಗಾಗುವೆನೆಂಬ ಭಯ ರೋಗಿಯನ್ನು ಬಿಡದು. 1979ರಲ್ಲಿ ಜೆರಾಲ್ಡ್ ರಸೆಲ್ ವಿವರಿಸಿದ 'ಬುಲಿಮಿಯ' ಇದರ ಇನ್ನೊಂದು ರೂಪ. ಇಲ್ಲಿ ಮಿತಿಮೀರಿ ತಿಂದು ಗುಟ್ಟಾಗಿ ವಾಂತಿ ಮಾಡಿಕೊಳ್ಳುವುದುಂಟು. ತೂಕ ಇಳಿಯದೆಯೂ ಇರಬಹುದಾದ್ದರಿಂದ ಮನೆಯವರಿಗೆ ತಿಳಿಯುವುದಿಲ್ಲ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಹುಡುಗಿಯರಲ್ಲಿ ಹೆಚ್ಚಾಗಿ ಕಂಡರೂ ಹುಡುಗರು ಇದಕ್ಕೆ ಹೊರತಲ್ಲ.

ಇದು ಹಟಮಾರಿತನ, ಎರಡೇಟು ಬಿದ್ದರೆ ಸರಿಹೋದೀತು ಎನ್ನುವ ಹಿರಿಯರಿದ್ದಾರೆ. 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, 36 ಮಂದಿ ಆರೋಗ್ಯವಂತ ಯುವಕರಿಗೆ ಅವರ ಒಪ್ಪಿಗೆಯಿಂದಲೇ ಆರು ತಿಂಗಳು ಅರೆಹೊಟ್ಟೆಯ ಊಟ ನೀಡಿ ಪರೀಕ್ಷಿಸಿದರು. ಅವರು ಸಿಡುಕರಾದರು, ಗೆಳೆಯರಿಂದ ದೂರವಾದರು, ಹಗಲಿರುಳು ಆಹಾರವನ್ನೇ ಚಿಂತಿಸತೊಡಗಿದರು. ಹಸಿವೆಯೇ ಮನಸ್ಸನ್ನು ಕೆಡಿಸುತ್ತದೆ. ದೇಹ ಮತ್ತು ಆತ್ಮ ಕೂಡಿಯೇ ಮನುಷ್ಯನೆಂದು ತತ್ವಶಾಸ್ತ್ರದಲ್ಲಿ ಕಲಿತದ್ದನ್ನು ನಾವು ಇಲ್ಲಿ ಕಣ್ಣಾರೆ ಕಾಣುತ್ತೇವೆ. ಹಸಿದ ಮಿದುಳಿಗೆ ಉಪದೇಶ ಹಿಡಿಸದು.

ಧರ್ಮಸಭೆ ಈ ಸತ್ಯವನ್ನು ಬಲ್ಲದು. ಬೆಳೆಯುವ ಮಕ್ಕಳಿಗೆ ಮತ್ತೆ ಮತ್ತೆ ಆಹಾರ ಬೇಕು, ಆದ್ದರಿಂದ ಬೆಳವಣಿಗೆ ಮುಗಿಯುವ ತನಕ, ಅಂದರೆ ಸುಮಾರು 21 ವರ್ಷದವರೆಗೆ, ಅವರಿಗೆ ಉಪವಾಸದ ಕಟ್ಟಳೆಯಿಲ್ಲ ಎಂದು 13ನೇ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸರು ಬರೆದರು. 1983ರ ಧರ್ಮಸಭಾ ಕಾನೂನು 14 ತುಂಬಿದವರಿಗೆ ಮಾಂಸವರ್ಜನೆಯನ್ನು ವಿಧಿಸುತ್ತದೆ. ಉಪವಾಸವನ್ನು ವಿಧಿಸುವುದು 18 ತುಂಬಿದ ಬಳಿಕವೇ. ಹದಿನೈದರ ಮಗು ಭಕ್ತಿಯ ಹೆಸರಿನಲ್ಲಿ ದಿನವೂ ತಟ್ಟೆ ಸರಿಸಿದರೆ ತಂದೆತಾಯಿಯರು ಹೆಮ್ಮೆಪಡದೆ ಎಚ್ಚರಗೊಳ್ಳಬೇಕು.

ಜೊತೆಗೆ ಕೂತು ಉಣ್ಣಲು ನೆಪ ಹೇಳುವುದು, ಊಟವಾದೊಡನೆ ಬಚ್ಚಲಿಗೆ ಹೋಗುವುದು, ಸದಾ ಚಳಿಯೆನ್ನುವುದು, ಕೂದಲುದುರುವುದು, ಮುಟ್ಟು ನಿಲ್ಲುವುದು - ಇವು ಗಮನಿಸಬೇಕಾದ ಲಕ್ಷಣಗಳು. ಬೈಯುವುದು, ಹೊಡೆಯುವುದು ಬೇಡ. ಮದುವೆ ಮನೆಯಲ್ಲಿ "ಎಷ್ಟು ದಪ್ಪಗಾಗಿದ್ದೀಯೇ" ಎನ್ನುವ ನಮ್ಮ ಲಘುಮಾತೂ ನಿಲ್ಲಲಿ. ತಡಮಾಡದೆ ವೈದ್ಯರನ್ನೂ ಮನೋವೈದ್ಯರನ್ನೂ ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ ಸಲಹೆ ನೀಡುತ್ತದೆ. ಬಹುದಿನ ಹಸಿದ ದೇಹಕ್ಕೆ ಒಮ್ಮೆಲೇ ಉಣಿಸುವುದು ಅಪಾಯಕರ. ವೈದ್ಯರು ಹೇಳಿದ ಕ್ರಮವೇ ಲೇಸು. ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಚಿಕಿತ್ಸೆ ಹೆತ್ತವರನ್ನು ದೂಷಿಸದೆ, ಮಗುವಿನ ಊಟದ ಹೊಣೆಯನ್ನು ಕೆಲಕಾಲ ಅವರಿಗೇ ಒಪ್ಪಿಸುತ್ತದೆ. ಆ ತಾಯಿಯೂ ವೈದ್ಯರ ಸಲಹೆಯಂತೆ ಮೂರು ಹೊತ್ತೂ ಮಗಳ ಪಕ್ಕದಲ್ಲಿ ತಾಳ್ಮೆಯಿಂದ ಕುಳಿತರು. ಚೇತರಿಕೆಗೆ ಎರಡು ವರ್ಷ ಹಿಡಿಯಿತು.

ಪ್ರಭು ಯೇಸು ಯಾಯೀರನ ಹನ್ನೆರಡು ವರ್ಷದ ಮಗಳನ್ನು ಎಬ್ಬಿಸಿದ ಮೇಲೆ ಆಕೆಗೆ ಉಪದೇಶವನ್ನೇನೂ ಮಾಡಲಿಲ್ಲ; ಉಣ್ಣಲು ಏನಾದರೂ ಕೊಡಿರೆಂದು ಮನೆಯವರಿಗೆ ಹೇಳಿದರು. ನಮ್ಮ ಮನೆಗಳಲ್ಲಿ ಇಂದು ರಾತ್ರಿಯ ಊಟಕ್ಕೆ ಯಾವ ಮಗು ಬಂದು ಕೂರಲಿಲ್ಲವೆಂದು ಒಮ್ಮೆ ನೋಡೋಣ.