ಒಂದು ಪೆಟ್ಟಿಗೆ, ಇಬ್ಬರ ಸರದಿ



ಕಳೆದ ಮಳೆಗಾಲದಲ್ಲಿ ಮಂಜೇಶ್ವರದ ಕಡೆಯ ಒಂದು ಮನೆಗೆ ಭೇಟಿಗೆ ಹೋಗಿದ್ದೆ. ಚಹಾ ಬರುವ ಮೊದಲೇ ದೂರು ಬಂತು. "ಫಾದರ್, ನೀವಾದರೂ ಇವನಿಗೆ ಸ್ವಲ್ಪ ಹೇಳಿ. ಕಂಪ್ಯೂಟರನ್ನು ಬಿಚ್ಚಿ ಹಾಕಿದ್ದಾನೆ. ನನ್ನ ಲೆಕ್ಕ ಎಲ್ಲ ಅದರೊಳಗೆ ಉಂಟು."

ಆ ತಾಯಿ ತಮ್ಮ ಕುಟುಂಬಶ್ರೀ ಅಯಲ್‌ಕೂಟದ ಕಾರ್ಯದರ್ಶಿ. ಸದಸ್ಯೆಯರ ಉಳಿತಾಯ, ಸಾಲದ ಕಂತು ಎಲ್ಲವನ್ನೂ ಕಂಪ್ಯೂಟರಿನಲ್ಲೇ ಬರೆದಿಡುತ್ತಾರೆ. ಗಂಡ ಗಲ್ಫಿನಲ್ಲಿ. ಮಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವವನು. ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಸಂಜೆಯಾದರೆ ತಾಯಿಗೆ ಲೆಕ್ಕ ಬರೆಯಬೇಕು, ಮಗನಿಗೆ ಆಟ ಆಡಬೇಕು. ನಾನು ಸೆಮಿನರಿಯಲ್ಲಿದ್ದಾಗ ನಮಗೆಲ್ಲರಿಗೂ ಸೇರಿ ಇದ್ದುದು ಒಂದೇ ಕಂಪ್ಯೂಟರ್. ಗೋಡೆಯ ಮೇಲೆ ಸರದಿಯ ಪಟ್ಟಿ, ಅದರ ಕೆಳಗೆ ದಿನಕ್ಕೊಂದು ಜಗಳ. ಆದ್ದರಿಂದ ಇಬ್ಬರ ಕಷ್ಟವೂ ನನಗೆ ಅರ್ಥವಾಯಿತು.

ಹಿಂದೊಮ್ಮೆ ಮಗ ಯಾವುದೋ ಆಟವನ್ನು ಎಲ್ಲಿಂದಲೋ ಇಳಿಸಿಕೊಂಡು, ಅದರೊಡನೆ ವೈರಸ್ ಹೊಕ್ಕು, ಎರಡು ತಿಂಗಳ ಲೆಕ್ಕ ಹಾಳಾಗಿತ್ತು. ಅದರ ನಂತರ ಅವನೇ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದ. ಲೆಕ್ಕ ಸುರಕ್ಷಿತವಾಯಿತು, ಆದರೆ ಅವನ ಆಟಗಳು ಓಡಲಿಲ್ಲ. "ಈಗ ಎಂತ ಮಾಡ್ತಾ ಇದ್ದೀ?" ಎಂದು ಕೇಳಿದೆ. "ಪಾಸ್‌ಥ್ರೂ ಫಾದರ್," ಎಂದ. ನನಗೆ ತಿಳಿಯಲಿಲ್ಲ. ಅವನು ಜಗಲಿಯಲ್ಲಿ ಕುಳಿತು ಒಂದು ಗಂಟೆ ವಿವರಿಸಿದ. ಆಮೇಲೆ ನಾನೂ ಓದಿ ತಿಳಿದುಕೊಂಡೆ. ಇಂತಹ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದೆಂದು ಈ ತಿಂಗಳು ಅದನ್ನೇ ಬರೆಯುತ್ತಿದ್ದೇನೆ.

ವರ್ಚುವಲ್ ಮಷೀನ್ ಎಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್. ದೊಡ್ಡ ಮನೆಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟಂತೆ. ಬಾಡಿಗೆಯವನಿಗೆ ಆ ಎರಡು ಕೋಣೆಗಳೇ ಇಡೀ ಮನೆ. ಯಜಮಾನನ ಕಪಾಟಿಗೆ ಅವನ ಕೈ ಹೋಗುವುದಿಲ್ಲ. ಲಿನಕ್ಸ್‌ನಲ್ಲಿ ಈ ವ್ಯವಸ್ಥೆಯನ್ನು ನಡೆಸುವ ಕೆವಿಎಮ್ ಎಂಬ ಭಾಗ 2007ರಿಂದಲೇ ಇದೆ. ಯಜಮಾನ ಲಿನಕ್ಸ್, ಬಾಡಿಗೆಯವ ವಿಂಡೋಸ್. ಬಾಡಿಗೆಯ ಕೋಣೆಗೆ ವೈರಸ್ ಬಂದರೂ ತಾಯಿಯ ಲೆಕ್ಕದ ಪುಸ್ತಕ ಇರುವುದು ಯಜಮಾನನ ಕಪಾಟಿನಲ್ಲಿ.

ಆದರೆ ಆಟಕ್ಕೆ ಇದು ಸಾಲದು. ಆಟದ ಚಿತ್ರಗಳನ್ನು ಬಿಡಿಸಲು ಗ್ರಾಫಿಕ್ಸ್ ಕಾರ್ಡ್ ಬೇಕು, ಅದು ಯಜಮಾನನ ವಶದಲ್ಲಿದೆ. ಬಾಡಿಗೆಯವ ಪ್ರತಿ ಕೊಡಪಾನ ನೀರಿಗೂ ಯಜಮಾನನನ್ನು ಕರೆದು ಬಾವಿಯಿಂದ ಸೇದಿಸಿಕೊಂಡರೆ ತೋಟಕ್ಕೆ ನೀರು ಬಿಡಲಾದೀತೇ? ಆಟ ತೆವಳುತ್ತದೆ, ಕೆಲವು ತೆರೆಯುವುದೂ ಇಲ್ಲ. ಇದಕ್ಕೆ ಉಪಾಯ, ಪಂಪಿನ ಕೀಲಿಯನ್ನೇ ಬಾಡಿಗೆಯವನ ಕೈಗೆ ಕೊಟ್ಟುಬಿಡುವುದು. ಅದೇ ಪಾಸ್‌ಥ್ರೂ. ಕಾರ್ಡನ್ನು ನೇರವಾಗಿ ಒಳಗಿನ ವಿಂಡೋಸ್‌ಗೆ ಒಪ್ಪಿಸಿದರೆ, ಬೇರೆಯೇ ಕಂಪ್ಯೂಟರಿನಲ್ಲಿ ಆಡಿದಷ್ಟರ ಹತ್ತಿರ ಹತ್ತಿರದ ವೇಗ ಸಿಗುತ್ತದೆ.

ಇಲ್ಲಿ ಒಂದು ಅಪಾಯವಿದೆ. ಗ್ರಾಫಿಕ್ಸ್ ಕಾರ್ಡ್ ಯಾರನ್ನೂ ಕೇಳದೆ ನೇರವಾಗಿ ಮೆಮೊರಿಗೆ ಬರೆಯುತ್ತದೆ. ಬಾಡಿಗೆಯವ ತನ್ನ ಕೋಣೆಗಳಿಗೆ ಒಂದು, ಎರಡು ಎಂದು ತನ್ನದೇ ನಂಬರ್ ಹಾಕಿಕೊಂಡಿರುತ್ತಾನೆ. ಇಡೀ ಮನೆಯ ಲೆಕ್ಕದಲ್ಲಿ ಒಂದು, ಎರಡು ಯಜಮಾನನ ಕೋಣೆಗಳು. ಕಾರ್ಡ್ ತಪ್ಪು ಕೋಣೆಗೆ ಹೊಕ್ಕರೆ ಎಲ್ಲವೂ ಕೆಟ್ಟುಹೋದೀತು. ಅದಕ್ಕೆ ಗೇಟಿನಲ್ಲಿ ನಿಂತು ನಂಬರ್ ಬದಲಿಸಿ, ತಪ್ಪಿದ್ದನ್ನು ತಡೆಯುವ ಕಾವಲುಗಾರ ಬೇಕು. ಐಒಎಮ್‌ಎಮ್‌ಯು ಎಂಬ ಆ ಭಾಗ ಪ್ರೊಸೆಸರಿನಲ್ಲೂ ಮದರ್‌ಬೋರ್ಡಿನಲ್ಲೂ ಇರಬೇಕು. ಇಂಟೆಲ್‌ನವರು ಅದನ್ನು ವಿಟಿ-ಡಿ ಎನ್ನುತ್ತಾರೆ, ಎಎಮ್‌ಡಿಯವರು ಎಎಮ್‌ಡಿ-ವಿಐ. ಅನೇಕ ಕಂಪ್ಯೂಟರುಗಳಲ್ಲಿ ಇದ್ದರೂ ಬಯಾಸ್‌ನಲ್ಲಿ ಬಂದ್ ಆಗಿರುತ್ತದೆ. ಈ ಕಾವಲುಗಾರ ಬಿಡಿಬಿಡಿಯಾಗಿ ನೋಡಿಕೊಳ್ಳಲಾಗದ ಭಾಗಗಳನ್ನು ಒಂದು ಗುಂಪಾಗಿ ಇಟ್ಟಿರುತ್ತಾನೆ. ಕೊಟ್ಟರೆ ಗುಂಪನ್ನೇ ಕೊಡಬೇಕು. ಹಾಗಾಗಿ ಕಾರ್ಡಿನೊಳಗಿನ ಶಬ್ದದ ಭಾಗವೂ ಅದರ ಹಿಂದೆಯೇ ಹೋಗುತ್ತದೆ. 2012ರಲ್ಲಿ ಲಿನಕ್ಸ್‌ಗೆ ವಿಎಫ್‌ಐಒ ಎಂಬ ಭಾಗ ಸೇರಿದ ಮೇಲೆ ಈ ಒಪ್ಪಿಸುವ ಕೆಲಸ ಸುರಕ್ಷಿತವಾಯಿತು.

ಕೊಟ್ಟ ಮೇಲೆ ಕೊಟ್ಟದ್ದೇ. ಬಾಡಿಗೆಯವ ಇರುವಷ್ಟು ಹೊತ್ತು ಯಜಮಾನ ಆ ಕಾರ್ಡನ್ನು ಮುಟ್ಟುವಂತಿಲ್ಲ. ನಮ್ಮ ಹುಡುಗ ಎಡವಿದ್ದು ಇಲ್ಲಿಯೇ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಎಂಬ ಅಕ್ಷರವಿದ್ದರೆ ಅದರಲ್ಲಿ ಸ್ವಂತ ಗ್ರಾಫಿಕ್ಸ್ ಇರುವುದಿಲ್ಲ. ಅವನದು ಅಂಥದ್ದು. ಇದ್ದ ಒಂದೇ ಕಾರ್ಡನ್ನು ವಿಂಡೋಸ್‌ಗೆ ಕೊಟ್ಟ. ಲಿನಕ್ಸ್‌ನ ಪರದೆ ಕಪ್ಪಾಯಿತು. ಮರುದಿನ ಅಯಲ್‌ಕೂಟದ ಸಭೆ. ಹನ್ನೆರಡು ಮಂದಿ ಹೆಂಗಸರ ಲೆಕ್ಕ ಆ ಕಪ್ಪು ಪರದೆಯ ಹಿಂದೆ. ತಾಯಿ ಊಟ ಮಾಡಲಿಲ್ಲ. ರಾತ್ರಿ ಹನ್ನೊಂದಕ್ಕೆ, ಕಂಪ್ಯೂಟರ್ ಶುರುವಾಗುವಾಗ ಬರುವ ಒಂದು ಸಾಲನ್ನು ತಿದ್ದಿ ಅವನು ಪರದೆಯನ್ನು ಮರಳಿ ತಂದ. ಲೆಕ್ಕಕ್ಕೆ ಏನೂ ಆಗಿರಲಿಲ್ಲ. ಆದರೂ ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಡದೆ ಇಂತಹ ಪ್ರಯೋಗಕ್ಕೆ ಕೈಹಾಕಿದ್ದು ಶುದ್ಧ ತಪ್ಪು. ಅದನ್ನು ಅವನಿಗೆ ತಾಯಿಯ ಎದುರೇ ಹೇಳಿದೆ.

ನಾನು ಹೋದ ದಿನ ಅವನು ಪೆಟ್ಟಿಗೆ ಬಿಚ್ಚಿದ್ದು ಇನ್ನೊಂದು ಹಳೆಯ, ಸಣ್ಣ ಕಾರ್ಡ್ ಕೂರಿಸಲು. ಅದು ಲಿನಕ್ಸ್‌ಗೆ, ಒಳ್ಳೆಯದು ವಿಂಡೋಸ್‌ಗೆ. ಗೆಳೆಯನೊಬ್ಬನ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಮಾನಿಟರ್, ಕೀಬೋರ್ಡ್, ಮೌಸ್ ತಂದ. ಹದಿನಾರು ಜಿಬಿ ಮೆಮೊರಿಯಲ್ಲಿ ಎಂಟು ಆ ಕಡೆಗೆ. ಅಷ್ಟೂ ಪೂರ್ತಿ ಮೀಸಲಾಗಿಬಿಡುತ್ತದೆ, ಬಾಡಿಗೆಯವ ಬಳಸಲಿ ಬಿಡಲಿ. ಈಗ ಒಂದೇ ಪೆಟ್ಟಿಗೆಯ ಒಂದು ಪರದೆಯಲ್ಲಿ ತಾಯಿ ಲೆಕ್ಕ ಬರೆಯುತ್ತಾರೆ, ಇನ್ನೊಂದರಲ್ಲಿ ಮಗ ಚೆಂಡು ಒದೆಯುತ್ತಾನೆ. ಒಂದೇ ಮನೆಯಲ್ಲಿ ನಾಲ್ಕು ಭಾಷೆ ನಡೆಸುವ ನಮ್ಮ ಕಾಸರಗೋಡಿನವರಿಗೆ ಇದೇನು ದೊಡ್ಡದು ಎನ್ನಬೇಡಿ, ನಾನಂತೂ ಬೆರಗಾದೆ.

ಎಲ್ಲ ಮನೆಗೂ ಇಷ್ಟು ಉಸಾಬರಿ ಬೇಡ. 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಎಂಬುದನ್ನು ಹೊರತಂದಿತು. ಅದರಿಂದ ವಿಂಡೋಸ್‌ನ ಬಹಳಷ್ಟು ಆಟಗಳು ಲಿನಕ್ಸ್‌ನಲ್ಲೇ ಓಡುತ್ತವೆ. ಮೊದಲು ಅದನ್ನು ನೋಡಿ. ಒಳಗಿನ ವಿಂಡೋಸ್‌ಗೂ ಲೈಸೆನ್ಸ್ ಬೇಕು, ಬಾಡಿಗೆ ಕೋಣೆ ಎಂದು ಮಾಫಿ ಇಲ್ಲ. ಕೆಲವು ಎಎಮ್‌ಡಿ ಕಾರ್ಡುಗಳು ಬಾಡಿಗೆಯವ ಹೊರಟ ಮೇಲೆ ಮತ್ತೆ ಎಚ್ಚರಗೊಳ್ಳದೆ ಇಡೀ ಕಂಪ್ಯೂಟರನ್ನೇ ಆರಿಸಿ ಹಚ್ಚುವಂತೆ ಮಾಡುತ್ತವೆ.

ಎರಡು ತಿಂಗಳ ನಂತರ ಹುಡುಗ ಒಬ್ಬನೇ ಬಂದ. ಗೆಳೆಯರೆಲ್ಲ ಆಡುವ ಒಂದು ಆನ್‌ಲೈನ್ ಆಟ ಅವನಲ್ಲಿ ಓಡುತ್ತಿಲ್ಲ. ತಾನು ವರ್ಚುವಲ್ ಮಷೀನ್‌ನಲ್ಲಿ ಇದ್ದೇನೆಂದು ಆಟಕ್ಕೆ ಗೊತ್ತಾದೊಡನೆ ಅದು ನಿಲ್ಲುತ್ತದೆ. "ಗೊತ್ತಾಗದ ಹಾಗೆ ಅಡಗಿಸಲಿಕ್ಕೆ ಆಗ್ತದೆ ಫಾದರ್. ಆದರೆ ಅದು ಸುಳ್ಳು ಹೇಳಿದ ಹಾಗೆಯಾ?"

ಸುಲಭದ ಪ್ರಶ್ನೆಯಲ್ಲ. ಹಿಂದೆ ಎನ್ವಿಡಿಯಾದ ಜಿಫೋರ್ಸ್ ಕಾರ್ಡುಗಳ ಡ್ರೈವರ್ ಕೂಡ ವರ್ಚುವಲ್ ಮಷೀನ್ ಎಂದು ತಿಳಿದರೆ 43 ಎಂಬ ದೋಷ ತೋರಿಸಿ ನಿಂತುಬಿಡುತ್ತಿತ್ತು. ಜನ ಅಡಗಿಸಿಯೇ ಬಳಸುತ್ತಿದ್ದರು. 2021ರಲ್ಲಿ ಕಂಪನಿಯೇ ಆ ತಡೆ ತೆಗೆಯಿತು. ಅಲ್ಲಿ ಅಡಗಿಸಿದವರನ್ನು ದೂರಲು ನನಗೆ ಮನಸ್ಸಿಲ್ಲ. ಕಾರ್ಡ್ ಅವರು ದುಡ್ಡು ಕೊಟ್ಟು ತಂದದ್ದು, ಬಳಸಿದ್ದು ತಮ್ಮ ಮನೆಯಲ್ಲಿ, ಯಾರಿಗೂ ನಷ್ಟವಿಲ್ಲ. ಆನ್‌ಲೈನ್ ಆಟ ಹಾಗಲ್ಲ. ಯಜಮಾನ ಬಾಡಿಗೆಯವನ ಕೋಣೆಯೊಳಗೆ ಇಣುಕಬಲ್ಲ. ಹೊರಗಿನ ಲಿನಕ್ಸ್ ಒಳಗಿನ ವಿಂಡೋಸ್‌ನ ಮೆಮೊರಿಯನ್ನು ಓದಬಲ್ಲದು. ಎದುರಾಳಿ ಯಾವ ಗೋಡೆಯ ಹಿಂದೆ ಅಡಗಿದ್ದಾನೆಂದು ಹೀಗೆ ನೋಡಿಕೊಂಡರೆ ಒಳಗೆ ಯಾವ ಗುರುತೂ ಉಳಿಯುವುದಿಲ್ಲ. ಅದಕ್ಕಾಗಿಯೇ 2020ರಲ್ಲಿ ಬಂದ ವ್ಯಾಲರಂಟ್‌ನಂತಹ ಆಟಗಳು ವರ್ಚುವಲ್ ಮಷೀನನ್ನು ಹೊರಗಿಡುತ್ತವೆ. "ನೀನು ಮೋಸ ಮಾಡಲಿಕ್ಕಿಲ್ಲ. ಆದರೆ ಆಚೆ ಕಡೆ ಆಡುವ ಹುಡುಗನಿಗೆ ಅದು ಹೇಗೆ ಗೊತ್ತಾಗಬೇಕು? ಅವನು ಒಪ್ಪಿ ಬಂದದ್ದು ಆ ನಿಯಮ ನಂಬಿ," ಎಂದೆ. ಅವನು ತುಸು ಹೊತ್ತು ಸುಮ್ಮನಿದ್ದು, "ಹೌದು, ನಾನು ಆ ಕಡೆ ಇದ್ದರೆ ನನಗೂ ಸಿಟ್ಟು ಬರ್ತಿತ್ತು," ಎಂದ. ನಿರಾಶೆ ಮುಖದಲ್ಲಿತ್ತು. ಅದನ್ನು ನಾನು ಹೋಗಲಾಡಿಸಲಿಲ್ಲ.

ಆ ಆಟವನ್ನು ಈಗ ಅವನು ಶನಿವಾರ ಮಂಗಳೂರಿನಲ್ಲಿ ಗೆಳೆಯನ ರೂಮಿನಲ್ಲಿ ಆಡುತ್ತಾನಂತೆ. ಮನೆಯಲ್ಲಿ ಫುಟ್ಬಾಲ್ ಸಾಕು. ಮೊನ್ನೆ ಚರ್ಚಿನ ಬಾಗಿಲಲ್ಲಿ ತಾಯಿ ಸಿಕ್ಕಿದರು. ಲೆಕ್ಕ ಹೇಗೆ ನಡೆಯುತ್ತಿದೆ ಎಂದು ಕೇಳಿದೆ. "ಲೆಕ್ಕ ಸರಿ ಉಂಟು ಫಾದರ್. ಆ ಗೋಲ್ ಹೊಡೆದಾಗಿನ ಬೊಬ್ಬೆ ಮಾತ್ರ ಸ್ವಲ್ಪ ಕಮ್ಮಿ ಮಾಡಲಿಕ್ಕೆ ಹೇಳಿ. ನಿನ್ನೆ ಒಬ್ಬಳ ಕಂತು ಎರಡು ಸಲ ಬರೆದುಬಿಟ್ಟೆ."